ಕಕ್ಷೆಗೆ ಕೋಡಿ ಎಲ್ಲಿ? ಭೂಮಿ–ಚಂದ್ರರ ನಡುವೆ ಉಪಗ್ರಹದ ಎಲ್ಲೆ ಕಂಡುಹಿಡಿಯುವ ಲೆಕ್ಕ

ಮಳೆ ಹಿಡಿದು ನಾಲ್ಕು ದಿನ ಆಯಿತೆಂದರೆ ಸಖರಾಯಪಟ್ಟಣದ ಆಸುಪಾಸಿನಲ್ಲಿ ಜನ ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: ಅಯ್ಯನಕೆರೆ ಕೋಡಿ ಬಿತ್ತಾ? ಕೆರೆಯೊಳಗೆ ಅಲೆ ಯಾವ ಕಡೆ ಹೊಡೆಯುತ್ತಿದೆ, ಸುಳಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ನೀರಿನ ಮಟ್ಟ ಕೋಡಿಗಿಂತ ಒಂದು ಗೇಣು ಕೆಳಗಿದ್ದರೂ ಕೆರೆಯ ನೀರು ಕೆರೆಯಲ್ಲೇ ಇರುತ್ತದೆ. ಇಷ್ಟು ಹೇಳಲು ಎರಡೇ ಮಟ್ಟ ಗೊತ್ತಿದ್ದರೆ ಸಾಕು.

ಭೂಮಿ, ಚಂದ್ರ, ಜೊತೆಗೊಂದು ಉಪಗ್ರಹ ಎಂಬ ಮೂರು ಕಾಯಗಳ ಸಮಸ್ಯೆಯಲ್ಲೂ ಹೀಗೇ. ಉಪಗ್ರಹ ಇಂಥ ದಿನ ಇಂಥ ಕಡೆ ಇರುತ್ತದೆ ಎಂದು ಹೇಳುವ ನೇರ ಸೂತ್ರ ಇಲ್ಲ. ಹೆಜ್ಜೆ ಹೆಜ್ಜೆಯಾಗಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬೇಕು. ಆದರೆ ಅದು ಎಲ್ಲಿಗೆ ಹೋಗಲಾರದು ಎಂಬುದನ್ನು ಒಂದೇ ಒಂದು ಸಂಖ್ಯೆಯಿಂದ ಹೇಳಬಹುದು. 1836ರಲ್ಲಿ ಜರ್ಮನಿಯ ಗಣಿತಜ್ಞ ಜಾಕೋಬಿ ಕಂಡುಕೊಂಡ ಸಂಖ್ಯೆ ಅದು; ಜಾಕೋಬಿ ಸ್ಥಿರಾಂಕ ಎನ್ನುತ್ತಾರೆ. 1878ರಲ್ಲಿ ಅಮೆರಿಕದ ಜಾರ್ಜ್ ವಿಲಿಯಂ ಹಿಲ್ ಇದನ್ನೇ ಬಳಸಿ, ಸರಳಗೊಳಿಸಿದ ಸೂರ್ಯ–ಭೂಮಿ ಲೆಕ್ಕದೊಳಗೆ ಚಂದ್ರ ಭೂಮಿಯನ್ನು ಬಿಟ್ಟು ಹೋಗಲಾರ ಎಂದು ತೋರಿಸಿದರು.

ಈ ಎಲ್ಲೆಯನ್ನು ನೀವೇ ಲೆಕ್ಕ ಹಾಕಿ, ಬರೆದು ನೋಡುವ ಬಗೆ ಇಲ್ಲಿದೆ. ಪಿಯುಸಿಯ ಗಣಿತ ಸಾಕು. ಹತ್ತು ಅಂಕಿ ತೋರಿಸುವ ಕ್ಯಾಲ್ಕುಲೇಟರ್ ಬೇಕು. ಚಿತ್ರ ಬರೆಯಲು ಎಕ್ಸೆಲ್, ಲಿಬ್ರೆಆಫೀಸ್ ಅಥವಾ ಪೈಥಾನ್ ಯಾವುದಾದರೂ ಆದೀತು.

ಅಳತೆಗಳನ್ನು ಸರಿಮಾಡಿಕೊಳ್ಳುವುದು

ಈ ಲೆಕ್ಕಕ್ಕೆ ‘ನಿರ್ಬಂಧಿತ ಮೂರು ಕಾಯಗಳ ಸಮಸ್ಯೆ’ ಎಂದು ಹೆಸರು. ‘ನಿರ್ಬಂಧಿತ’ ಎಂಬ ಮಾತಿಗೆ ಇಲ್ಲಿ ಅರ್ಥ ಇಷ್ಟೇ: ಮೂರನೆಯ ಕಾಯ ಎಷ್ಟು ಹಗುರವೆಂದರೆ ಅದು ಉಳಿದೆರಡನ್ನು ಎಳೆಯುವುದೇ ಇಲ್ಲ. ಜೊತೆಗೆ ಭೂಮಿ, ಚಂದ್ರ ಎರಡೂ ತಮ್ಮ ಸಮತೂಕದ ಬಿಂದುವಿನ ಸುತ್ತ ಸರಿಯಾದ ವೃತ್ತದಲ್ಲಿ ಸುತ್ತುತ್ತವೆ ಎಂದು ಇಟ್ಟುಕೊಳ್ಳುತ್ತೇವೆ. ಅವುಗಳ ಜೊತೆಗೇ ಸುತ್ತುವ ಚೌಕಟ್ಟಿನಲ್ಲಿ ನಿಂತು ನೋಡಿದರೆ ಎರಡೂ ನಿಂತಲ್ಲೇ ನಿಂತಿರುತ್ತವೆ. ಸಮತೂಕದ ಬಿಂದುವೇ ಮೂಲ. ಭೂಮಿ ಎಕ್ಸ್ = −ಮ್ಯೂ ಎಂಬಲ್ಲಿ, ಚಂದ್ರ ಎಕ್ಸ್ = 1 − ಮ್ಯೂ ಎಂಬಲ್ಲಿ.

ಮ್ಯೂ ಎಂದರೆ ಒಟ್ಟು ದ್ರವ್ಯರಾಶಿಯಲ್ಲಿ ಚಂದ್ರನ ಪಾಲು. ಭೂಮಿಯ ಗುರುತ್ವ ಗುಣಾಂಕ (ಗುರುತ್ವ ಸ್ಥಿರಾಂಕವನ್ನು ದ್ರವ್ಯರಾಶಿಯಿಂದ ಗುಣಿಸಿದ್ದು) 3,98,600.44, ಚಂದ್ರನದು 4,902.80 (ಘನ ಕಿ.ಮೀ. ಪ್ರತಿ ಸೆಕೆಂಡ್ ವರ್ಗಕ್ಕೆ). ಎರಡನೆಯದನ್ನು ಮೊತ್ತದಿಂದ ಭಾಗಿಸಿದರೆ ಮ್ಯೂ = 0.0121506.

ದೂರದ ಮಾನ 3,84,400 ಕಿ.ಮೀ. ವೇಗದ ಮಾನ ಬೇಕೆಂದರೆ ಗುಣಾಂಕಗಳ ಮೊತ್ತವನ್ನು ಆ ದೂರದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ: ಸೆಕೆಂಡಿಗೆ 1.02455 ಕಿ.ಮೀ. ಕಾಲದ ಮಾನ ದೂರವನ್ನು ವೇಗದಿಂದ ಭಾಗಿಸಿದ್ದು: 3,75,190 ಸೆಕೆಂಡ್, ಅಂದರೆ 4.34 ದಿನ.

ಇಲ್ಲೇ ಮೊದಲ ತಪ್ಪು ನುಸುಳುವುದು. ಚಂದ್ರನ ಸುತ್ತು 27.32 ದಿನ ಎಂದು ಗೊತ್ತಿರುವವರು ಅದನ್ನೇ 2ಪೈಯಿಂದ ಭಾಗಿಸಿ 3,75,700 ಸೆಕೆಂಡ್ ಎಂದು ಬರೆದುಕೊಳ್ಳುತ್ತಾರೆ. ನಿಜವಾದ ಚಂದ್ರನ ಮೇಲೆ ಸೂರ್ಯನ ಸೆಳೆತವೂ ಇರುವುದರಿಂದ ಎರಡು ಲೆಕ್ಕ ಕೂದಲೆಳೆಯಷ್ಟು ಕೂಡಿಬರುವುದಿಲ್ಲ. ವ್ಯತ್ಯಾಸ ನೂರಕ್ಕೆ 0.14 ಮಾತ್ರ. ಆದರೆ ಭೂಮಿಯ ಹತ್ತಿರ ಸೆಕೆಂಡಿಗೆ 10.77 ಕಿ.ಮೀ. ವೇಗದಲ್ಲಿ ಹೋಗುವ ನೌಕೆಯ ಮಟ್ಟಿಗೆ ಅದು ಸೆಕೆಂಡಿಗೆ ಸುಮಾರು 15 ಮೀಟರ್. ಮುಂದೆ ನೋಡಲಿರುವಂತೆ, ಎಲ್ಲ ಬಾಗಿಲುಗಳೂ ತೆರೆದುಕೊಳ್ಳುವ ಅಂತರವೇ 10 ಮೀಟರಿಗಿಂತ ಕಡಿಮೆ. ಹಾಗಾಗಿ ಗುಣಾಂಕ ಮತ್ತು ದೂರ ಎರಡನ್ನೇ ಆಧಾರವಾಗಿ ಹಿಡಿಯಿರಿ. ಕಾಲ, ವೇಗ ಅವುಗಳಿಂದಲೇ ಹುಟ್ಟಲಿ.

ನೆಲದ ಎತ್ತರ, ನೀರಿನ ಮಟ್ಟ

ಯಾವುದೇ ಬಿಂದುವಿಗೆ ಮೊದಲು ಈ ಮೊತ್ತ ಹಾಕಿ. ಆರ್1 ಭೂಮಿಯಿಂದ ದೂರ, ಆರ್2 ಚಂದ್ರನಿಂದ ದೂರ:

ಸ್ಥಳದ ಮೊತ್ತ = ಎಕ್ಸ್² + ವೈ² + 2(1 − ಮ್ಯೂ)/ಆರ್1 + 2ಮ್ಯೂ/ಆರ್2

ಜಾಕೋಬಿ ಸ್ಥಿರಾಂಕ ಸಿ = ಸ್ಥಳದ ಮೊತ್ತ − ವೇಗದ ವರ್ಗ

ವೇಗ ಎಂದರೆ ಸುತ್ತುವ ಚೌಕಟ್ಟಿನಲ್ಲಿ ಕಾಣುವ ವೇಗ. ಇಂಜಿನ್ ಉರಿಸದೆ ಹೋಗುತ್ತಿರುವಷ್ಟು ಹೊತ್ತೂ ಸಿ ಬದಲಾಗುವುದಿಲ್ಲ. ವೇಗದ ವರ್ಗ ಸೊನ್ನೆಗಿಂತ ಕಡಿಮೆ ಆಗಲಾರದು. ಆದ್ದರಿಂದ ಸ್ಥಳದ ಮೊತ್ತ ಸಿಗಿಂತ ಕಡಿಮೆ ಇರುವ ಜಾಗಕ್ಕೆ ಉಪಗ್ರಹ ಕಾಲಿಡುವಂತಿಲ್ಲ. ಎಲ್ಲೆಯ ಲೆಕ್ಕದ ಬುಡ ಇಷ್ಟೇ.

ಇದನ್ನು ಕೆರೆಯಾಗಿ ನೋಡಲು ಚಿಹ್ನೆ ತಿರುಗಿಸಿ. ಪ್ರತಿ ಬಿಂದುವಿನಲ್ಲೂ ನೆಲದ ಎತ್ತರ ಎಂದರೆ ಸ್ಥಳದ ಮೊತ್ತಕ್ಕೆ ಮೈನಸ್ ಹಾಕಿದ್ದು. ನೀರಿನ ಮಟ್ಟ ಎಂದರೆ ಮೈನಸ್ ಸಿ. ಆಗ ಯಾವುದೇ ಜಾಗದಲ್ಲಿ ನೀರಿನ ಆಳ ಎಷ್ಟೋ ಅಲ್ಲಿ ವೇಗದ ವರ್ಗ ಅಷ್ಟೇ. ಇದು ಬರೀ ಹೋಲಿಕೆ ಅಲ್ಲ, ಅಂಕಿಗೆ ಅಂಕಿ ಸರಿಹೊಂದುವ ಲೆಕ್ಕ. ದಡದಲ್ಲಿ ಆಳ ಸೊನ್ನೆ, ವೇಗವೂ ಸೊನ್ನೆ. ಆ ದಡಕ್ಕೇ ಶೂನ್ಯವೇಗ ರೇಖೆ ಎಂದು ಹೆಸರು. ಸಿ ಹೆಚ್ಚಿದಷ್ಟೂ ನೀರು ಕೆಳಗೆ ಇಳಿಯುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಿ. ಓದುವವರು ಅತಿ ಹೆಚ್ಚು ಎಡವುವುದು ಇಲ್ಲಿ: ಸಿ ದೊಡ್ಡದು ಎಂದರೆ ಶಕ್ತಿ ಕಡಿಮೆ.

ಈ ನೆಲ ಹೇಗಿದೆ? ಭೂಮಿಯ ಸುತ್ತ ಆಳವಾದ ದೊಡ್ಡ ಗುಂಡಿ, ಚಂದ್ರನ ಸುತ್ತ ಸಣ್ಣ ಗುಂಡಿ. ಎರಡನ್ನೂ ಬಳಸಿದ ಉಂಗುರದಂಥ ಬೆಟ್ಟಸಾಲು, ಅದರಾಚೆ ಮತ್ತೆ ಇಳಿಜಾರು. ಬೆಟ್ಟಸಾಲಿನಲ್ಲಿ ಮೂರು ತಗ್ಗುಗಳು, ಅಂದರೆ ಮೂರು ಕೋಡಿಗಳು. ಎಲ್1 ಭೂಮಿ–ಚಂದ್ರರ ನಡುವೆ, ಎಲ್2 ಚಂದ್ರನ ಬೆನ್ನಿಗೆ, ಎಲ್3 ಭೂಮಿಯ ಆಚೆ ಬದಿಗೆ. ಎರಡು ನೆತ್ತಿಗಳು ಎಲ್4, ಎಲ್5. ಭೂಮಿ ಮತ್ತು ಚಂದ್ರನ ಜೊತೆ ಸಮಭುಜ ತ್ರಿಕೋನ ಆಗುವ ಕಡೆ ಅವು ನಿಲ್ಲುತ್ತವೆ.

ಕೋಡಿಯ ಜಾಗ ಹುಡುಕುವುದು

ಎಲ್1 ಚಂದ್ರನಿಂದ ಎಷ್ಟು ದೂರ ಎಂಬುದನ್ನು ಗಾಮಾ ಎನ್ನೋಣ. ಅದಕ್ಕೆ ಐದನೆಯ ಘಾತದ ಸಮೀಕರಣ ಬರುತ್ತದೆ. ಬಿಡಿಸಲು ಹೆದರಬೇಕಿಲ್ಲ, ಹಾಕಿದ ಬೆಲೆಯನ್ನೇ ತಿರುಗಿ ತಿರುಗಿ ಹಾಕುವ ಉಪಾಯ ಸಾಕು:

ಗಾಮಾ = ಘನಮೂಲ [ ಮ್ಯೂ(1 − ಗಾಮಾ)² / (3 − 2ಮ್ಯೂ − ಗಾಮಾ(3 − ಮ್ಯೂ − ಗಾಮಾ)) ]

ಮೊದಲ ಊಹೆಗೆ ಮ್ಯೂ/3ರ ಘನಮೂಲ ತೆಗೆದುಕೊಳ್ಳಿ: 0.1594. ಬಲಗಡೆ ಹಾಕಿದರೆ 0.1504 ಬರುತ್ತದೆ. ಅದನ್ನೇ ಮತ್ತೆ ಹಾಕಿದರೆ 0.1510, ಇನ್ನೊಮ್ಮೆ 0.15093. ಮುಂದಿನ ಸುತ್ತುಗಳಲ್ಲಿ 0.150934ಕ್ಕೆ ನಿಲ್ಲುತ್ತದೆ. ಕಿಲೋಮೀಟರಿಗೆ ತಿರುಗಿಸಿದರೆ ಚಂದ್ರನಿಂದ ಸುಮಾರು 58,000, ಭೂಮಿಯಿಂದ ಸುಮಾರು 3,26,400. ಎಲ್1ರ ಲೆಕ್ಕದಲ್ಲಿ ಬೆಲೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಜೀಕಿ ನೆಲೆಗೆ ಬರುವುದು ಸಹಜ. ಇಲ್ಲಿ ಒಂದೇ ದಿಕ್ಕಿಗೆ ಓಡುತ್ತಿದ್ದರೆ ಎಲ್ಲೋ ಒಂದು ಮೈನಸ್ ತಪ್ಪಿದೆ.

ಎಲ್2ಕ್ಕೂ ಇದೇ ಸೂತ್ರ. ಮೇಲಿನ ಆವರಣದಲ್ಲಿ 1 + ಗಾಮಾ ಎಂದು ಬರೆದು, ಕೆಳಗೆ 3 − 2ಮ್ಯೂ + ಗಾಮಾ(3 − ಮ್ಯೂ + ಗಾಮಾ) ಮಾಡಿಕೊಳ್ಳಿ. ಉತ್ತರ 0.167833, ಅಂದರೆ ಚಂದ್ರನಾಚೆ ಸುಮಾರು 64,500 ಕಿ.ಮೀ. ಎಲ್3 ಎಕ್ಸ್ = −1.005063 ಎಂಬಲ್ಲಿದೆ.

ಈ ಬಿಂದುಗಳಲ್ಲಿ ಸ್ಥಳದ ಮೊತ್ತ ಹಾಕಿದರೆ ಕೋಡಿಯ ಮಟ್ಟಗಳು ಸಿಗುತ್ತವೆ. ಎಲ್1: 3.18834. ಎಲ್2: 3.17216. ಎಲ್3: 3.01215. ಎಲ್4, ಎಲ್5: 2.98800, ಇವೆರಡಕ್ಕೆ 3 − ಮ್ಯೂ + ಮ್ಯೂ² ಎಂದು ಒಂದೇ ಗೀಟಿನಲ್ಲಿ ಬರುತ್ತದೆ.

ಎಚ್ಚರಿಕೆ: ಕೆಲವು ಪುಸ್ತಕಗಳಲ್ಲಿ ಸಿಗೆ ಮ್ಯೂ(1 − ಮ್ಯೂ) ಎಂಬ ಇನ್ನೊಂದು ಪದ ಕೂಡಿಸಿರುತ್ತಾರೆ. ಅಲ್ಲಿ ಎಲ್1ರ ಬೆಲೆ 3.20034 ಎಂದಿರುತ್ತದೆ. ಎರಡೂ ಸರಿಯೇ. ಆದರೆ ಒಂದು ಪುಸ್ತಕದ ಕೋಷ್ಟಕ, ಇನ್ನೊಂದರ ಸೂತ್ರ ಬೆರೆಸಿದರೆ 0.012ರಷ್ಟು ವ್ಯತ್ಯಾಸ ಬಿದ್ದು, ಮುಚ್ಚಿದ ಬಾಗಿಲು ತೆರೆದಂತೆಯೋ ತೆರೆದದ್ದು ಮುಚ್ಚಿದಂತೆಯೋ ಕಾಣುತ್ತದೆ.

ಚಿತ್ರ ಬರೆಯುವುದು

ಎಕ್ಸ್ ಮತ್ತು ವೈ ಎರಡಕ್ಕೂ −1.5ರಿಂದ 1.5ರವರೆಗೆ 0.02ರ ಅಂತರದಲ್ಲಿ ಬೆಲೆ ಹಾಕಿ. 151 ಸಾಲು, 151 ಕಂಬ. ಒಟ್ಟು 22,801 ಚೌಕ. ಪ್ರತಿ ಚೌಕದಲ್ಲಿ ಸ್ಥಳದ ಮೊತ್ತದ ಸೂತ್ರ. ಸಿ ಬೆಲೆಯನ್ನು ಬೇರೊಂದು ಚೌಕದಲ್ಲಿಟ್ಟು, ಮೊತ್ತ ಅದಕ್ಕಿಂತ ಕಡಿಮೆ ಇದ್ದರೆ ಚೌಕ ಕಪ್ಪಾಗುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್ ಮಾಡಿ. ಕಪ್ಪು ಎಂದರೆ ನೀರಿನಿಂದ ಮೇಲೆದ್ದ ನೆಲ, ಹೋಗಬಾರದ ಜಾಗ.

ಭೂಮಿ, ಚಂದ್ರರ ಹತ್ತಿರ ಮೊತ್ತ ಆಕಾಶಕ್ಕೇರುತ್ತದೆ. ಬಣ್ಣದ ಏರಿಳಿತ ತೋರಿಸುವ ಚಿತ್ರವಾದರೆ 3.5ಕ್ಕಿಂತ ಹೆಚ್ಚಿನ ಬೆಲೆಗಳನ್ನೆಲ್ಲ 3.5ಕ್ಕೇ ಕತ್ತರಿಸಿ, ಇಲ್ಲದಿದ್ದರೆ ಉಳಿದ ಚಿತ್ರವೆಲ್ಲ ಒಂದೇ ಬಣ್ಣಕ್ಕೆ ತಿರುಗಿ ಏನೂ ಕಾಣುವುದಿಲ್ಲ.

ಸಿ 3.25 ಕೊಡಿ. ಭೂಮಿಯ ಕೆರೆ ಬೇರೆ, ಚಂದ್ರನ ಕೆರೆ ಬೇರೆ, ಹೊರಗಿನ ಕಡಲು ಬೇರೆ. ಯಾವುದಕ್ಕೂ ದಾರಿ ಇಲ್ಲ. 3.18 ಕೊಡಿ. ಎಲ್1ರಲ್ಲಿ ಸಣ್ಣ ಕತ್ತು ತೆರೆದು ಎರಡು ಕೆರೆ ಕೂಡುತ್ತವೆ, ಹೊರಗೆ ಮಾತ್ರ ಇನ್ನೂ ದಾರಿಯಿಲ್ಲ. 3.10ಕ್ಕೆ ಬಂದರೆ ಎಲ್2 ಕೂಡ ತೆರೆದು, ಉಳಿದ ಬೆಟ್ಟಸಾಲು ಚಂದ್ರನ ಕಡೆ ಬಾಯಿ ತೆರೆದ ಕುದುರೆ ಲಾಳವಾಗುತ್ತದೆ. ಚಿಕ್ಕಮಗಳೂರಿನವರಿಗೆ ಈ ಆಕಾರವನ್ನು ಬಿಡಿಸಿ ಹೇಳಬೇಕಿಲ್ಲ. ಬಾಬಾಬುಡನ್‌ಗಿರಿ ಸಾಲು ಜಾಗರ ಕಣಿವೆಯನ್ನು ಬಳಸಿ ನಿಂತಿರುವುದು ಹೀಗೇ. ಚಂದ್ರದ್ರೋಣ ಎಂಬ ಹೆಸರು ಬಂದದ್ದೂ ಆ ಬಾಗಿನಿಂದಲೇ. 3.00 ಕೊಟ್ಟರೆ ಎಲ್3 ಕೂಡ ಮುಳುಗಿ, ಎಲ್4, ಎಲ್5ರ ಸುತ್ತ ಗೊದಮೊಟ್ಟೆಯಂಥ ಎರಡು ನಡುಗಡ್ಡೆ ಮಾತ್ರ ಉಳಿಯುತ್ತವೆ. 2.98ಕ್ಕೆ ಅವೂ ಇಲ್ಲ. ಕಕ್ಷಾತಲದ ಮಟ್ಟಿಗೆ ಆಮೇಲೆ ತಡೆಯೇ ಇರುವುದಿಲ್ಲ. ತಲದಿಂದ ತುಂಬ ಮೇಲೆ ಮತ್ತು ಕೆಳಗೆ ಮಾತ್ರ ಹೋಗಬಾರದ ಜಾಗ ಆಗಲೂ ಇರುತ್ತದೆ: ತಲದಿಂದ ಎಷ್ಟು ಎತ್ತರ ಎಂಬುದು ಆರ್1, ಆರ್2ರಲ್ಲಿ ಸೇರುತ್ತದೆ, ಆದರೆ ಎಕ್ಸ್² + ವೈ² ಎಂಬಲ್ಲಿ ಸೇರುವುದಿಲ್ಲ.

ಚಿತ್ರ ಸುಳ್ಳು ಹೇಳುವ ಒಂದು ಜಾಗವಿದೆ, ಅದು ಎಲ್1ರ ಕತ್ತು. ಅದರ ಅಗಲ ಲೆಕ್ಕ ಹಾಕಲು ಸುಲಭ ಸೂತ್ರವಿದೆ: 3.18834ರಿಂದ ನಿಮ್ಮ ಸಿ ಕಳೆದು, 4.148ರಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಸಿ 3.18 ಆದರೆ ಸುಮಾರು 0.09, ಅಂದರೆ 34,500 ಕಿ.ಮೀ. ಸಿ 3.188 ಆದರೆ 0.018, ಸುಮಾರು 7,000 ಕಿ.ಮೀ. ನಿಮ್ಮ ಚೌಕವೇ 0.02 ಇರುವಾಗ 0.018ರ ಕತ್ತು ಕಾಣುವುದು ವೈ = 0 ಎಂಬ ಸಾಲು ಜಾಲದಲ್ಲಿದ್ದರೆ ಮಾತ್ರ, ಅದೂ ಒಂದೇ ಚೌಕದ ಅಗಲಕ್ಕೆ. ಜಾಲವನ್ನು −1.49ರಿಂದ ಶುರು ಮಾಡಿದ್ದರೆ ಆ ಸಾಲು ತಪ್ಪಿ, ತೆರೆದಿರುವ ಬಾಗಿಲು ಚಿತ್ರದಲ್ಲಿ ಮುಚ್ಚಿರುತ್ತದೆ. ತೆರೆದಿದೆಯೋ ಇಲ್ಲವೋ ಎಂಬುದನ್ನು ಯಾವಾಗಲೂ ಸಿ ಬೆಲೆಗಳನ್ನು ಹೋಲಿಸಿಯೇ ತೀರ್ಮಾನಿಸಿ. ಚಿತ್ರ ಆಕಾರ ತಿಳಿಯಲಿಕ್ಕೆ ಮಾತ್ರ.

ಮೂರು ಉದಾಹರಣೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ಇನ್ಸಾಟ್, ಆಮೇಲೆ ಜಿಸ್ಯಾಟ್ ಉಪಗ್ರಹಗಳನ್ನು ಭೂಸ್ಥಿರ ಕಕ್ಷೆಯಲ್ಲಿ ಕಾಯುತ್ತಿರುವ ಕೇಂದ್ರ ಅದು. ಅಂಥ ಒಂದು ಉಪಗ್ರಹವನ್ನೇ ತೆಗೆದುಕೊಳ್ಳಿ. ಭೂಕೇಂದ್ರದಿಂದ ದೂರ 42,164 ಕಿ.ಮೀ., ವೇಗ ಸೆಕೆಂಡಿಗೆ 3.0747 ಕಿ.ಮೀ. ಮಾನಕ್ಕೆ ತಿರುಗಿಸಿದರೆ ಆರ್1 = 0.10969, ವೇಗ 3.0010. ಚೌಕಟ್ಟಿನ ಸುತ್ತು (ನಮ್ಮ ಮಾನದಲ್ಲಿ ಅದು ಆರ್1ರಷ್ಟೇ) ಕಳೆಯಬೇಕು: 3.0010 − 0.1097 = 2.8913. ವರ್ಗ 8.360. ಚಂದ್ರನಿಗೆ ಬೆನ್ನಾದ ಬದಿಯಲ್ಲಿ ಸ್ಥಳದ ಮೊತ್ತ 18.05. ಹಾಗಾದರೆ ಸಿ ಸುಮಾರು 9.69. ಇದು ಚಂದ್ರನ ಕಕ್ಷೆಯ ತಲದಲ್ಲೇ ಇದೆ ಎಂದು ಹಿಡಿದ ಲೆಕ್ಕ; ಓರೆಯನ್ನು ಸೇರಿಸಿದರೆ ಸಿ ಹೆಚ್ಚೆಂದರೆ 0.1ರಷ್ಟು ಇಳಿಯುತ್ತದೆ. ಕೋಡಿ 3.188ರಲ್ಲಿದೆ, ನೀರು 9.69ರಲ್ಲಿ. ದಡ ಎಲ್ಲಿ ಎಂದು ನೋಡಿದರೆ ಭೂಕೇಂದ್ರದಿಂದ ಸುಮಾರು 79,000 ಕಿ.ಮೀ. ಇಂಧನ ಮುಗಿದು ಕೈಬಿಟ್ಟರೂ ಈ ಮಾದರಿಯ ಪ್ರಕಾರ ಅದು ಆ ದಡ ದಾಟುವುದಿಲ್ಲ. ಹಾಸನದಲ್ಲಿ ಆಗಾಗ ಸರಿಪಡಿಸುವ ಪೂರ್ವ–ಪಶ್ಚಿಮ, ಉತ್ತರ–ದಕ್ಷಿಣದ ಸರಿದಾಟ ಕೆರೆಯೊಳಗಿನ ವ್ಯವಹಾರ. ಅದಕ್ಕೂ ಈ ಎಲ್ಲೆಗೂ ಸಂಬಂಧ ಇಲ್ಲ.

ಎರಡನೆಯದು ಚಂದ್ರಯಾನ-3. 2023ರ ಆಗಸ್ಟ್ 5ರಂದು ಅದು ಚಂದ್ರನ ಸುತ್ತ 164 ಕಿ.ಮೀ. × 18,074 ಕಿ.ಮೀ. ಕಕ್ಷೆಗೆ ಸೇರಿತು. ಚಂದ್ರನ ತ್ರಿಜ್ಯ 1,737.4 ಕೂಡಿಸಿದರೆ ಹತ್ತಿರದ ಬಿಂದು 1,901.4 ಕಿ.ಮೀ. ಅಲ್ಲಿ ವೇಗ ಸೆಕೆಂಡಿಗೆ 2.169 ಕಿ.ಮೀ., ಮಾನದಲ್ಲಿ 2.117. ಧ್ರುವಗಳ ಮೇಲೆ ಹಾಯುವ ಕಕ್ಷೆಯಾದ್ದರಿಂದ ಚೌಕಟ್ಟಿನ ಸುತ್ತಿನಿಂದ ಹೆಚ್ಚು ಬದಲಾವಣೆ ಇಲ್ಲ. ಸ್ಥಳದ ಮೊತ್ತ 7.864; ವೇಗದ ವರ್ಗ 4.483; ಸಿ = 3.38. ಕೋಡಿಗಿಂತ ನೀರು ಕೆಳಗೆ, ಚಂದ್ರನ ಕೆರೆಯ ಬಾಗಿಲು ಮುಚ್ಚಿದೆ. ಅದೇ 164 ಕಿ.ಮೀ. ಎತ್ತರದಲ್ಲಿ ಬಾಗಿಲು ಮುಚ್ಚಲು ವೇಗ ಎಷ್ಟಕ್ಕೆ ಇಳಿಯಬೇಕಿತ್ತು? 7.864ರಿಂದ 3.188 ಕಳೆದು ವರ್ಗಮೂಲ ತೆಗೆಯಿರಿ: 2.162 ಮಾನ, ಅಂದರೆ 2.2155 ಕಿ.ಮೀ. ಅದಕ್ಕಿಂತಲೂ ಸೆಕೆಂಡಿಗೆ 46 ಮೀಟರ್ ಕಡಿಮೆ ವೇಗದಲ್ಲಿ ನೌಕೆ ನೆಲೆನಿಂತಿತು. ಬ್ರೇಕು ಹಾಕುವ ಇಂಜಿನ್ ಎಷ್ಟು ಹೊತ್ತು ಉರಿದರೆ ‘ಚಂದ್ರನದಾಯಿತು’ ಎನ್ನಬಹುದು ಎಂಬ ಪ್ರಶ್ನೆಗೆ ಇಷ್ಟು ಶುದ್ಧವಾಗಿ ಉತ್ತರ ಕೊಡುವ ಲೆಕ್ಕ ಇನ್ನೊಂದಿಲ್ಲ.

ಮೂರನೆಯದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಭೂಮಿಯಿಂದ 300 ಕಿ.ಮೀ. ಎತ್ತರದ ವೃತ್ತದಲ್ಲಿರುವ ನೌಕೆಗೆ ಎಲ್1ರ ಕೋಡಿ ತೆರೆಯಲು ಎಷ್ಟು ವೇಗ ಬೇಕು? ದೂರ 6,678 ಕಿ.ಮೀ., ಆರ್1 = 0.0173725. ಚಂದ್ರನಿಗೆ ಬೆನ್ನಾದ ಬದಿಯಲ್ಲಿ ಎಕ್ಸ್ = −0.0295231, ಆರ್2 = 1.0173725. ಪದಗಳು ಒಂದೊಂದಾಗಿ: ಎಕ್ಸ್² 0.00087, ಭೂಮಿಯ ಪದ 113.7255; ಚಂದ್ರನ ಪದ 0.0239. ಮೊತ್ತ 113.7502. ಅದರಿಂದ 3.18834 ಕಳೆದರೆ 110.5619, ವರ್ಗಮೂಲ 10.51484. ಚೌಕಟ್ಟಿನ ಸುತ್ತು 0.01737 ಕೂಡಿಸಿ ಕಿಲೋಮೀಟರಿಗೆ ತಿರುಗಿಸಿದರೆ ಸೆಕೆಂಡಿಗೆ 10.791. ವೃತ್ತದ ವೇಗ 7.726. ಹಾಗಾಗಿ ತಳ್ಳು 3.065 ಕಿ.ಮೀ.

ಈಗ ಇದೇ ಲೆಕ್ಕವನ್ನು ಬೇರೆ ಕೋಡಿಗಳಿಗೆ ಹಾಕಿ. ಎಲ್2 ತೆರೆಯಲು ಇನ್ನು ಸೆಕೆಂಡಿಗೆ 0.8 ಮೀಟರ್ ಸಾಕು. ಎಲ್3ಕ್ಕೆ ಒಟ್ಟು 8.6 ಮೀಟರ್. ತಲದಲ್ಲಿ ತಡೆಯೇ ಇಲ್ಲದಂತಾಗಲು 9.8 ಮೀಟರ್. ಮೂರು ಕಿಲೋಮೀಟರಿಗೂ ಹೆಚ್ಚು ತಳ್ಳಿದ ಮೇಲೆ ಕೊನೆಯ ಹತ್ತು ಮೀಟರಿನೊಳಗೆ ಎಲ್ಲ ಬಾಗಿಲೂ ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಕಾರಣ, ಭೂಮಿಯ ಹತ್ತಿರ ನೀರು 110 ಮಾನ ಆಳ. ಕೋಡಿಗಳ ನಡುವಿನ ವ್ಯತ್ಯಾಸ ಅದರ ಮೇಲ್ಪದರದ 0.2 ಮಾತ್ರ.

ಲೆಕ್ಕ ಕೆಡುವುದೂ ಇದರಿಂದಲೇ. ಈ ಎತ್ತರದಲ್ಲಿ ದೂರವನ್ನು ಒಂದು ಕಿಲೋಮೀಟರ್ ತಪ್ಪಾಗಿ ಹಾಕಿದರೆ ಸಿ 0.017 ಬದಲಾಗುತ್ತದೆ, ಎಲ್1, ಎಲ್2 ನಡುವಿನ ಅಂತರ 0.016. ಭೂಮಿಯ ತ್ರಿಜ್ಯ 6,378 ಎನ್ನುವ ಬದಲು 6,371 ಎಂದು ಹಾಕಿದರೆ ಉತ್ತರ ಬೇರೆಲ್ಲೋ ಹೋಗಿರುತ್ತದೆ. ಸುತ್ತುವ ಚೌಕಟ್ಟಿನ ವೇಗದ ಬದಲು ಭೂಮಿಗೆ ಹೋಲಿಸಿದ ವೇಗವನ್ನೇ ಹಾಕಿಬಿಟ್ಟರೆ ಸಿ 0.37ರಷ್ಟು ತಪ್ಪುತ್ತದೆ. ಅದು ಎಲ್1ರಿಂದ ಎಲ್3ರವರೆಗಿನ ಪೂರ್ತಿ ಅಂತರದ ಎರಡು ಪಟ್ಟು. ನಡುವೆ ಎಲ್ಲೂ ದುಂಡಂಕಿ ಮಾಡಬೇಡಿ. ಕನಿಷ್ಠ ಎಂಟು ಅಂಕಿ ಉಳಿಸಿಕೊಂಡು ಕೊನೆಯಲ್ಲಿ ಮಾತ್ರ ಕತ್ತರಿಸಿ.

ಕೋಡಿ ಬಿದ್ದರೂ ದಾಟದಿರುವುದು

ನೀರಿನ ಹೋಲಿಕೆ ಇಲ್ಲಿ ಕೈಬಿಡುತ್ತದೆ, ಅದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಕೆರೆ ಕೋಡಿ ಬಿದ್ದರೆ ನೀರು ತಾನಾಗಿ ಹರಿಯುತ್ತದೆ. ಉಪಗ್ರಹ ಹಾಗಲ್ಲ. ಬಾಗಿಲು ಮುಚ್ಚಿದ್ದರೆ ಆಚೆ ಹೋಗುವುದಿಲ್ಲ ಎಂಬುದು ಖಂಡಿತ. ತೆರೆದಿದ್ದರೆ ಹೋಗುತ್ತದೆ ಎಂಬುದಕ್ಕೆ ಮಾತ್ರ ಯಾವ ಭರವಸೆಯೂ ಇಲ್ಲ.

ಮೇಲಿನ ನೌಕೆಯನ್ನೇ ನೋಡಿ. ಸೆಕೆಂಡಿಗೆ 10.791 ಕಿ.ಮೀ. ವೇಗದಲ್ಲಿ ಹೊರಟರೆ, ಭೂಮಿಯೊಂದನ್ನೇ ಲೆಕ್ಕಕ್ಕೆ ಹಿಡಿದ ದೀರ್ಘವೃತ್ತದ ದೂರದ ತುದಿ ಸುಮಾರು 2,64,800 ಕಿ.ಮೀ. ಎಲ್1 ಇರುವುದು 3,26,400ರಲ್ಲಿ. ಬಾಗಿಲು ತೆರೆದಿದೆ, ನೌಕೆ ಬಾಗಿಲ ಬಳಿಗೂ ಬರುವುದಿಲ್ಲ. ಚಂದ್ರ ಸುತ್ತಿನಿಂದ ಸುತ್ತಿಗೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು ಕಕ್ಷೆ ಹಿಗ್ಗಿಸಿದರೆ ಮಾತ್ರ ಅಲ್ಲಿಗೆ ಮುಟ್ಟೀತು. ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ನೇರವಾಗಿ ಎಲ್1ರ ದೂರ ಮುಟ್ಟಬೇಕಾದರೆ ಹೊರಡುವಾಗಲೇ 10.816 ಬೇಕು. ಎರಡರ ನಡುವಿನ ಸೆಕೆಂಡಿಗೆ 25 ಮೀಟರ್ ಉಳಿಸಲು ಕಾಲವನ್ನು ತೆರಬೇಕಾಗುತ್ತದೆ. ಕೊರಿಯಾದ ದನುರಿ ನೌಕೆ 2022ರ ಆಗಸ್ಟಿನಲ್ಲಿ ಹೊರಟು ಡಿಸೆಂಬರಿನಲ್ಲಿ ಚಂದ್ರನ ಕಕ್ಷೆ ಸೇರಿದ್ದು ಇಂಥ ನಿಧಾನದ ದಾರಿಯಲ್ಲೇ. ಆದರೆ ಅದು ಬಹಳ ದೂರ ಹೋಗಿ ಸೂರ್ಯನ ಸೆಳೆತದ ನೆರವನ್ನೂ ಪಡೆಯಿತು. ಮೂರು ಕಾಯಗಳ ಲೆಕ್ಕಕ್ಕೆ ಅದು ಸಿಗುವುದಿಲ್ಲ.

ಇದರ ಇನ್ನೊಂದು ಮುಖ: ಬಾಗಿಲು ತೆರೆದಿದ್ದೂ ಒಳಗೇ ಉಳಿಯುವ ಕಕ್ಷೆಗಳಿವೆ. ಚಂದ್ರನ ಸುತ್ತ ಹಿಮ್ಮುಖವಾಗಿ ಸುತ್ತುವ ದೂರದ ಕಕ್ಷೆಗಳಲ್ಲಿ, ಚೌಕಟ್ಟು ಸುತ್ತುವುದರಿಂದ ಕಾಣುವ ಕೊರಿಯಾಲಿಸ್ ಬಲ ಒಳಮುಖವಾಗಿ ಒತ್ತುತ್ತಿರುತ್ತದೆ. ಹಾಗಾಗಿ ಅವು ಬಹುಕಾಲ ನಿಲ್ಲುತ್ತವೆ. 2022ರ ನವೆಂಬರಿನಲ್ಲಿ ಆರ್ಟೆಮಿಸ್-1ರ ಓರಾಯನ್ ನೌಕೆ ಇಂಥ ಕಕ್ಷೆಯಲ್ಲಿತ್ತು, ಚಂದ್ರನಿಂದ ಸುಮಾರು 64,000 ಕಿ.ಮೀ. ಮೇಲೆ, ಹೆಚ್ಚುಕಡಿಮೆ ಎಲ್2 ಇರುವಷ್ಟೇ ದೂರದಲ್ಲಿ. ಬರೀ ಸಿ ನೋಡಿ ‘ಇದು ಓಡಿಹೋಗುತ್ತದೆ’ ಎಂದು ಬರೆಯುವುದು ತಪ್ಪು.

ಓಡಿಸಿ ನೋಡುವುದು

ಹಾಗಾಗಿ ತೆರೆದ ಬಾಗಿಲಿನ ವಿಷಯದಲ್ಲಿ ದಾರಿಯನ್ನೇ ಹೆಜ್ಜೆ ಹೆಜ್ಜೆಯಾಗಿ ಓಡಿಸಿ ನೋಡಬೇಕು. ಸಮೀಕರಣ ಎರಡು:

ಎಕ್ಸ್ ವೇಗವರ್ಧನೆ = 2 × ವೈ ವೇಗ + ಎಕ್ಸ್ − (1 − ಮ್ಯೂ)(ಎಕ್ಸ್ + ಮ್ಯೂ)/ಆರ್1³ − ಮ್ಯೂ(ಎಕ್ಸ್ − 1 + ಮ್ಯೂ)/ಆರ್2³

ವೈ ವೇಗವರ್ಧನೆ = −2 × ಎಕ್ಸ್ ವೇಗ + ವೈ − (1 − ಮ್ಯೂ)ವೈ/ಆರ್1³ − ಮ್ಯೂ·ವೈ/ಆರ್2³

ರುಂಗೆ–ಕುಟ್ಟಾ ವಿಧಾನ ಸಾಕು, ಆದರೆ ಹೆಜ್ಜೆಯ ಅಳತೆ ತಾನಾಗಿ ಬದಲಾಗುವಂಥದ್ದನ್ನು ಬಳಸಿ. ಭೂಮಿಯ ಹತ್ತಿರ ಸೆಕೆಂಡುಗಳಲ್ಲಿ ಬದಲಾಗುವ ದಾರಿ, ದೂರದಲ್ಲಿ ಗಂಟೆಗಟ್ಟಲೆ ನೇರ ಇರುತ್ತದೆ. ಒಂದೇ ಹೆಜ್ಜೆ ಎರಡಕ್ಕೂ ಒಗ್ಗುವುದಿಲ್ಲ. ಪೈಥಾನಿನ ಸೈಪೈ ಬಳಸುವವರು ಸಹನಮಿತಿಯನ್ನು (ಟಾಲರೆನ್ಸ್) ಸಿದ್ಧವಾಗಿರುವ 0.001ಕ್ಕೆ ಬಿಟ್ಟರೆ ಉತ್ತರ ನಂಬುವಂತಿಲ್ಲ. ಹತ್ತರ ಮೈನಸ್ ಹನ್ನೆರಡನೆಯ ಘಾತಕ್ಕೆ ಇಳಿಸಿ. ಪ್ರತಿ ಹೆಜ್ಜೆಗೂ ಸಿ ಲೆಕ್ಕ ಹಾಕಿ ಬರೆದಿಡಿ. ಅದು ಒಂಬತ್ತನೆಯ ದಶಾಂಶದವರೆಗೂ ಕದಲದಿದ್ದರೆ ಹೆಜ್ಜೆಗಳು ಸರಿಯಿವೆ.

ಆದರೆ ಸಿ ಕದಲಲಿಲ್ಲ ಎಂದ ಮಾತ್ರಕ್ಕೆ ಸಮೀಕರಣ ಸರಿ ಎಂದಲ್ಲ. ಕೊರಿಯಾಲಿಸ್‌ನ ಎರಡೂ ಪದಗಳ (2 × ವೈ ವೇಗ, −2 × ಎಕ್ಸ್ ವೇಗ) ಚಿಹ್ನೆ ಒಟ್ಟಿಗೆ ಅದಲುಬದಲಾಗಿದ್ದರೂ ಸಿ ಕದಲುವುದಿಲ್ಲ, ಏಕೆಂದರೆ ಆ ಬಲ ವೇಗಕ್ಕೆ ಅಡ್ಡಡ್ಡವಾಗಿಯೇ ಇರುತ್ತದೆ. ಈ ತಪ್ಪು ಹಿಡಿಯಲು ಒಂದು ಪರೀಕ್ಷೆ ಇದೆ. ನೌಕೆಯನ್ನು ಭೂಮಿಯಿಂದ 0.1 ದೂರದಲ್ಲಿ ಎಕ್ಸ್ ಅಕ್ಷದ ಮೇಲೆ, ಚಂದ್ರನ ಕಡೆಗೆ ಇಡಿ. ವೈ ದಿಕ್ಕಿಗೆ 3.043 ವೇಗ ಕೊಡಿ. ಚಿಹ್ನೆ ಸರಿಯಿದ್ದರೆ ಹೆಚ್ಚುಕಡಿಮೆ ವೃತ್ತವೇ ಬರುತ್ತದೆ, ಆರ್1 ಸುಮಾರು 0.1ರಲ್ಲೇ ಇರುತ್ತದೆ. ತಿರುಗಿದ್ದರೆ ಅರ್ಧ ಸುತ್ತಿನಲ್ಲಿ ಆರ್1 0.078ಕ್ಕೆ ಕುಸಿಯುತ್ತದೆ. ಎರಡು ನಿಮಿಷದ ಕೆಲಸ. ಮಾಡದೆ ಮುಂದೆ ಹೋಗಬೇಡಿ.

ಸೂರ್ಯ–ಭೂಮಿ ಜೋಡಿಗೂ ಇದೇ ಹಾದಿ. ಆದಿತ್ಯ-ಎಲ್1 2024ರ ಜನವರಿ 6ರಂದು ಸೇರಿದ ಪ್ರಭಾವಲಯ ಕಕ್ಷೆ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ಎಲ್1ರ ಸುತ್ತ ಇದೆ. ಅಲ್ಲಿ ಮ್ಯೂ 0.00000304, ಎಲ್1ರ ಸಿ ಸುಮಾರು 3.0009. ಎಲ್1, ಎಲ್2ರ ಮಟ್ಟಗಳ ವ್ಯತ್ಯಾಸ ಆರನೆಯ ದಶಾಂಶದಲ್ಲಿ, ಸುಮಾರು 0.000004. ಕ್ಯಾಲ್ಕುಲೇಟರಿನಲ್ಲಿ ಈ ಲೆಕ್ಕಕ್ಕೆ ಇಳಿಯಬೇಡಿ. ಭೂಮಿಗೆ ಚಂದ್ರನ ದ್ರವ್ಯರಾಶಿ ಸೇರಿಸಿಕೊಂಡಿರೋ ಇಲ್ಲವೋ ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ.

ನಿಜವಾದ ಚಂದ್ರ

ಇಷ್ಟೆಲ್ಲ ಲೆಕ್ಕ ಚಂದ್ರ ವೃತ್ತದಲ್ಲಿ ಸುತ್ತುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿದೆ. ನಿಜವಾದ ಚಂದ್ರನ ದೂರ ಸುಮಾರು 3,63,300ರಿಂದ 4,05,500 ಕಿ.ಮೀ.ವರೆಗೆ ಏರಿಳಿಯುತ್ತದೆ. ಆಗ ಸಿ ಸ್ಥಿರವಾಗಿ ಉಳಿಯುವುದಿಲ್ಲ, ಕೋಡಿಯ ಮಟ್ಟವೂ ತಿಂಗಳಿಗೊಮ್ಮೆ ಮೇಲೆ ಕೆಳಗೆ ಆಡುತ್ತದೆ. ಸೂರ್ಯನ ಸೆಳೆತ ಬೇರೆ. ಹಾಗಾಗಿ ಭೂಸ್ಥಿರ ಉಪಗ್ರಹದ 9.69, ಚಂದ್ರಯಾನದ 3.38 ಎಂಬಂಥ ದೂರದ ಬೆಲೆಗಳಲ್ಲಿ ‘ಬಾಗಿಲು ಮುಚ್ಚಿದೆ’ ಎಂಬ ಮಾತನ್ನು ನೆಚ್ಚಬಹುದು. 3.19, 3.20 ಎಂದು ಕೋಡಿಗೆ ತಾಗಿಕೊಂಡಿದ್ದರೆ ನೆಚ್ಚಬಾರದು. ನಮ್ಮ ತೀರ್ಮಾನ ಅದು. ಅಂಥ ಕಡೆ ಈ ಲೆಕ್ಕದಿಂದ ಆರಂಭದ ವೇಗವನ್ನಷ್ಟೇ ಆರಿಸಿಕೊಂಡು, ಸೂರ್ಯ ಮತ್ತು ಚಂದ್ರರ ನಿಜ ಸ್ಥಾನಗಳ ಪಟ್ಟಿ ಹಾಕಿದ ಓಟದಲ್ಲಿ ಕನಿಷ್ಠ ಮೂರು ತಿಂಗಳು ಓಡಿಸಿ. ಹೊರಡುವ ದಿನವನ್ನು ಒಂದೊಂದೇ ದಿನ ಸರಿಸುತ್ತ 28 ಸಲ ಓಡಿಸಿದರೆ, ಚಂದ್ರ ಹತ್ತಿರ ಇರುವಾಗ ಮತ್ತು ದೂರ ಇರುವಾಗ ಅದೇ ವೇಗ ಎಷ್ಟು ಬೇರೆ ಬೇರೆ ದಾರಿ ಹಿಡಿಯುತ್ತದೆ ಎಂಬುದು ಒಂದೇ ಹಾಳೆಯಲ್ಲಿ ಕಾಣುತ್ತದೆ.